ಎತ್ತರದ ಹೂವಿನ ಪಾತಿ ಒಣಗದಂತೆ ಮಾಡಿದ್ದು: ನನ್ನ ಅನುಭವ

ಕೋಲಾರದ ನಮ್ಮ ಮನೆಯ ಮುಂದೆ ಸಿಮೆಂಟ್ ಇಟ್ಟಿಗೆಯಿಂದ ಕಟ್ಟಿಸಿದ, ಒಂದೂವರೆ ಅಡಿ ಎತ್ತರದ ಎರಡು ಪಾತಿಗಳಲ್ಲಿ ಸತತ ಎರಡು ಬೇಸಿಗೆ ಗುಲಾಬಿ ಗಿಡಗಳು ಒಣಗಿಹೋದವು. ದಿನಕ್ಕೆರಡು ಬಾರಿ ನೀರು ಹಾಕಿದರೂ ಫಲವಿರಲಿಲ್ಲ. ಕೊಳವೆಬಾವಿಯನ್ನು ನಂಬಿರುವ ಊರಿನಲ್ಲಿ ಹಾಗೆ ನೀರು ಸುರಿಯಲು ಮನಸ್ಸೂ ಒಪ್ಪುತ್ತಿರಲಿಲ್ಲ.

ಅಗೆದು ನೋಡಿದಾಗ ಕಾರಣ ತಿಳಿಯಿತು. ಬಿಸಿಲಿಗೆ ಗೋಡೆಗಳು ಕಾದು ಅಂಚಿನ ಕೆಮ್ಮಣ್ಣು ಗಟ್ಟಿಯಾಗಿ ಕುಗ್ಗಿತ್ತು. ಹಾಕಿದ ನೀರು ಬೇರಿಗೆ ತಲುಪದೆ ಗೋಡೆ ಮತ್ತು ಮಣ್ಣಿನ ನಡುವಿನ ಬಿರುಕಿನಲ್ಲಿಯೇ ಇಳಿದುಹೋಗುತ್ತಿತ್ತು. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿದೆ.

ಗಿಡಗಳ ಆಯ್ಕೆಗೆ ಹೆಚ್ಚು ಯೋಚಿಸಬೇಕಾಯಿತು. ರತ್ನಗಂಧಿ ಬರವನ್ನು ತಡೆಯುತ್ತದೆ, ಆದರೆ ಆಳೆತ್ತರ ಮೀರಿ ಬೆಳೆಯುವ ಅದಕ್ಕೆ ಸಣ್ಣ ಪಾತಿ ಸಾಲದು. ಕಣಗಿಲೆಯ ಎಲೆ, ಕಾಂಡ, ಬೇರು ಎಲ್ಲವೂ ವಿಷಕಾರಿ. ಮಕ್ಕಳಿರುವ ಮನೆಯಾದ್ದರಿಂದ ಅದನ್ನು ಕೈಬಿಟ್ಟೆ. ಲಂಟಾನ ಬೇಲಿ ದಾಟಿ ಹರಡುವ ಕಳೆಯಾದ್ದರಿಂದ ಅದೂ ಬೇಡವೆನಿಸಿತು. ಕೊನೆಗೆ ಹಿಂದೆ ಗೋರಂಟೆ, ಅಂಚಿನಲ್ಲಿ ನಿತ್ಯಪುಷ್ಪ ನೆಟ್ಟೆ. ಎರಡನ್ನೂ ಆಗಾಗ ಸವರಿದರೆ ಅಳತೆಯಲ್ಲಿರುತ್ತವೆ.

ಮುಂಗಾರಿನ ಆರಂಭದಲ್ಲಿ ನೆಟ್ಟಿದ್ದರಿಂದ ಬೇಸಿಗೆಗೆ ಮೊದಲೇ ಬೇರು ಆಳಕ್ಕಿಳಿಯಿತು. ಬುಡಕ್ಕೆ ಎರಡು ಅಂಗುಲ ದಪ್ಪ ಹೊಂಗೆಯ ತರಗೆಲೆ ಹೊದಿಸಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ವಾರಕ್ಕೆರಡು ಬಾರಿ, ಸಂಜೆ, ನಿಧಾನವಾಗಿ ನೀರುಣಿಸಿದ್ದಷ್ಟೇ. ಒಂದು ಗಿಡವೂ ಬಾಡಲಿಲ್ಲ.