ಗೆಳೆಯರ ಗುಂಪು ಕ್ರೂಸ್‌ಗೆ ಹೊರಟರೆ: ಮುಂಬೈ–ಗೋವಾ ಹಡಗಿನ ತಯಾರಿ

ಏಳೆಂಟು ಜನ ಸೇರಿ ಕ್ರೂಸ್‌ಗೆ ಹೊರಡುವುದಾದರೆ ಟಿಕೆಟ್ ನೋಡುವ ಮುಂಚೆ ಒಬ್ಬರನ್ನು ಯಜಮಾನಿಕೆಗೆ ಕೂರಿಸಿ. ಡೊಂಬಿವಲಿಯವರು ಒಂದು ಲಿಂಕ್, ಮಾಟುಂಗಾದವರು ಇನ್ನೊಂದು, ಪುಣೆಯವರು ಮತ್ತೊಂದು ಅಂತ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾ ಕೂತರೆ ಅಷ್ಟರಲ್ಲಿ ಒಳ್ಳೆಯ ಕೋಣೆಗಳು ಖಾಲಿಯಾಗಿರುತ್ತವೆ. ಮುಂಬೈಯಿಂದ ಓಡುವ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳೇ ಕಮ್ಮಿ.

ತಿಂಗಳು ಆರಿಸುವುದು ಸುಲಭ. ನವೆಂಬರ್‌ನಿಂದ ಫೆಬ್ರವರಿವರೆಗೆ ಅರಬ್ಬಿ ಸಮುದ್ರ ಶಾಂತ. ಏಪ್ರಿಲ್, ಮೇ ನಡೆಯುತ್ತದೆ, ಸೆಕೆ ತಡೆಯಬೇಕು ಅಷ್ಟೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದ ಸಮುದ್ರ. ಮೊದಲ ಸಲ ಹೋಗುವವರು ಆಗ ಬೇಡ.

ಇನ್ನು ದುಡ್ಡಿನ ವಿಷಯ. ಜಾಹೀರಾತಿನಲ್ಲಿ ಕಾಣುವ ದರ ತಲೆಗೆ ಇಷ್ಟು ಅಂತ, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಸೇವಾಶುಲ್ಕ, ಜಿಎಸ್‌ಟಿ ಕೂಡುತ್ತವೆ. ಹಾಗಾಗಿ ಬುಕಿಂಗ್‌ನಲ್ಲಿ ಹಣ ಕಟ್ಟುವ ಪುಟದವರೆಗೂ ಹೋಗಿ, ಕೊನೆಗೆ ಬರುವ ಮೊತ್ತವನ್ನೇ ಗುಂಪಿಗೆ ಹೇಳಿ. ಮೊದಲು ಕಡಿಮೆ ಹೇಳಿ ಆಮೇಲೆ ಏರಿಸಿದರೆ ಯಾರೋ ಒಬ್ಬರು ಹಿಂದೆ ಸರಿಯುತ್ತಾರೆ, ಅವರ ಜೊತೆ ಕೋಣೆ ಹಂಚಿಕೊಂಡವರ ಲೆಕ್ಕವೂ ಕೆಡುತ್ತದೆ. ಒಂಟಿಯಾಗಿ ಕೋಣೆ ಹಿಡಿದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು ತೆರಬೇಕು. ಮೂರನೆಯವರಿಗೆ, ನಾಲ್ಕನೆಯವರಿಗೆ ರಿಯಾಯಿತಿ ಇರುತ್ತದೆ, ಆದರೆ ಅವರು ಮಲಗುವುದು ಗೋಡೆಯಿಂದಲೋ ಚಾವಣಿಯಿಂದಲೋ ಇಳಿಸುವ ಮೇಲಿನ ಬರ್ತ್‌ನಲ್ಲಿ. ಮಂಡಿನೋವಿನವರನ್ನು ಅಲ್ಲಿಗೆ ಹತ್ತಿಸಬೇಡಿ. ನಾಲ್ವರಿಗೆ ಬಚ್ಚಲು ಒಂದೇ, ಅದೂ ಇಬ್ಬರು ನಿಲ್ಲಲಾಗದಷ್ಟು ಚಿಕ್ಕದು ಎನ್ನುವುದೂ ನೆನಪಿರಲಿ. ಎಂಟು ಜನರಿಗೆ ಇಬ್ಬರಿಬ್ಬರಂತೆ ನಾಲ್ಕು ಕೋಣೆ ಹಿಡಿದರೆ ಜಗಳ ಕಮ್ಮಿ.

ಕೋಣೆ ಹಂಚುವಾಗ ಸ್ನೇಹಕ್ಕಿಂತ ಅಭ್ಯಾಸ ನೋಡಿ. ಗೊರಕೆಯವರು ಒಂದು ಕಡೆ, ಬೇಗ ಏಳುವವರು ಒಂದು ಕಡೆ. ಕುಡಿಯುವವರು, ಕುಡಿಯದವರು ಅಂತಲೂ ವಿಂಗಡಿಸಿ. ಕೆಲವು ಹಡಗುಗಳಲ್ಲಿ ಒಬ್ಬರು ಡ್ರಿಂಕ್ಸ್ ಪ್ಯಾಕೇಜ್ ತಗೊಂಡರೆ ಅದೇ ಕೋಣೆಯ ಉಳಿದ ದೊಡ್ಡವರೂ ತಗೊಳ್ಳಲೇಬೇಕು ಎಂಬ ನಿಯಮವಿದೆ. ಬರೀ ಮಜ್ಜಿಗೆ ಕುಡಿಯುವವರು ಪಾಪ, ಸುಮ್ಮನೆ ದಂಡ ತೆರುತ್ತಾರೆ.

ಕೋಣೆ ಎಲ್ಲಿದೆ ಎನ್ನುವುದು ಅದರ ದರ್ಜೆಗಿಂತ ಮುಖ್ಯ. ಹಡಗು ಓಲಾಡುವುದು ಮೂತಿಯಲ್ಲಿ, ಬಾಲದಲ್ಲಿ, ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ಕೆಳಗಿನ ಅಂತಸ್ತಿನ ನಟ್ಟನಡುವೆ ತೀರಾ ಕಮ್ಮಿ. ಹೊಟ್ಟೆ ತೊಳಸುವವರಿಗೆ ಅಲ್ಲಿನ ಕಿಟಕಿಯಿಲ್ಲದ ಅಗ್ಗದ ಒಳಕೋಣೆ, ಮೇಲಿನ ದುಬಾರಿ ಸೂಟ್‌ಗಿಂತ ವಾಸಿ. ಡೆಕ್ ಪ್ಲಾನ್, ಅಂದರೆ ಅಂತಸ್ತುಗಳ ನಕ್ಷೆ ತೆರೆದು, ನೀವು ಹಿಡಿಯುವ ಕೋಣೆಯ ಮೇಲೆ, ಕೆಳಗೆ ಕೋಣೆಗಳೇ ಇವೆಯೇ ನೋಡಿ. ಮೇಲೆ ಈಜುಕೊಳವಿದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ನಡುರಾತ್ರಿಯವರೆಗೆ ಡ್ರಮ್ಮು. ಬಾಲ್ಕನಿಗೇ ದುಡ್ಡು ಹಾಕುವವರು ದಿಕ್ಕನ್ನೂ ನೋಡಿ: ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ಹಡಗಿನ ಬಲಬದಿಗೆ ಸೂರ್ಯಾಸ್ತ, ಎಡಬದಿಗೆ ಕೊಂಕಣದ ಕರಾವಳಿ. ವಾಪಸ್ ಬರುವಾಗ ತಿರುಗುಮುರುಗು.

ಬುಕಿಂಗ್‌ನಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಪ್ರಕಾಶ್ ಎಸ್ ಆರ್’ ಅಂತಿರುತ್ತದೆ, ಮುಂಬೈ ಕಚೇರಿಯ ರೂಢಿಯಂತೆ ಫಾರಂನಲ್ಲಿ ‘ಪ್ರಕಾಶ್ ರಾವ್’ ಅಂತ ತುಂಬಿರುತ್ತಾರೆ. ಹತ್ತುವ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ತೋರಿಸುವ ಗುರುತಿನ ಚೀಟಿಯಲ್ಲಿ ಇನಿಷಿಯಲ್ ಎಲ್ಲಿದೆಯೋ ಅಲ್ಲಿಯೇ ಬರೆಯಿರಿ. ಫೋನಿನಲ್ಲಿ ಹೇಳಿ ಬರೆಸುವ ಬದಲು ಎಲ್ಲರಿಂದಲೂ ಚೀಟಿಯ ಫೋಟೋ ತರಿಸಿ, ಒಬ್ಬರೇ ಕೂತು ತುಂಬಿ. ಬೇರೆ ಬೇರೆ ಬುಕಿಂಗ್ ಸಂಖ್ಯೆಗಳಿದ್ದರೆ ಅವನ್ನು ಜೋಡಿಸಲು ಕಂಪನಿಗೆ ಬರೆಯಿರಿ. ಇಲ್ಲವಾದರೆ ಅರ್ಧ ಜನಕ್ಕೆ ಮೊದಲ ಪಂಕ್ತಿಯ ಊಟ, ಅರ್ಧ ಜನಕ್ಕೆ ಎರಡನೆಯದು. ಇವರು ಶೋ ನೋಡುವಾಗ ಅವರು ಊಟಕ್ಕೆ, ಅವರು ಬರುವಾಗ ಇವರು ಊಟಕ್ಕೆ. ಜೈನ ಊಟ, ಈರುಳ್ಳಿ–ಬೆಳ್ಳುಳ್ಳಿ ಬೇಡ ಎನ್ನುವುದನ್ನೂ ಆಗಲೇ ತಿಳಿಸಿ. ಗರ್ಭಿಣಿಯರಿದ್ದರೆ ಎಷ್ಟು ವಾರದವರೆಗೆ ಹತ್ತಿಸಿಕೊಳ್ಳುತ್ತಾರೆಂದು ಕೇಳಿಯೇ ಹಣ ಕಟ್ಟಿ. ಅನೇಕ ಕಂಪನಿಗಳಲ್ಲಿ ಮಿತಿ 24 ವಾರದ ಆಸುಪಾಸು.

ಸಾಮಾನು ಕಟ್ಟುವಾಗ ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡ್ ಮನೆಯಲ್ಲೇ ಬಿಡಿ. ಹಡಗಿನವರಿಗೆ ಬೆಂಕಿ ಎಂದರೆ ಎಲ್ಲಕ್ಕಿಂತ ದೊಡ್ಡ ಭಯ, ಸ್ಕ್ಯಾನರ್‌ನಲ್ಲಿ ಕಂಡರೆ ತೆಗೆದಿಡುತ್ತಾರೆ. ಹೊರಗಿನ ಮದ್ಯವೂ ಹಾಗೆಯೇ. ಕೋಣೆಯಲ್ಲಿ ಪ್ಲಗ್ ಒಂದೋ ಎರಡೋ, ಆದ್ದರಿಂದ ಮೂರು–ನಾಲ್ಕು ಯುಎಸ್‌ಬಿ ತೂತುಗಳಿರುವ ಚಾರ್ಜರ್ ಒಂದಿರಲಿ. ಆರೇಳು ಮ್ಯಾಗ್ನೆಟ್ ಕೊಕ್ಕೆಗಳನ್ನೂ ಹಾಕಿಕೊಳ್ಳಿ: ಕೋಣೆಯ ಗೋಡೆ, ಬಾಗಿಲು ಹೆಚ್ಚಾಗಿ ಉಕ್ಕಿನವು, ಒದ್ದೆ ಈಜುಡುಗೆ ನೇತುಹಾಕಲು ಬೇರೆ ಜಾಗ ಸಿಗುವುದಿಲ್ಲ. ದೊಡ್ಡ ಪೆಟ್ಟಿಗೆಯನ್ನು ಟರ್ಮಿನಲ್‌ನಲ್ಲೇ ಇಸಿದುಕೊಂಡು ಕೆಲವು ಗಂಟೆಗಳ ನಂತರ ಕೋಣೆಗೆ ತಲುಪಿಸುತ್ತಾರೆ. ಮಾತ್ರೆ, ಚಾರ್ಜರ್, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಹಡಗು ಹತ್ತುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಟ್ಯಾಕ್ಸಿಗೆ ಹತ್ತಿರದ ದಾರಿ. ಪುಣೆಯವರು ಬೆಳಗಿನ ಡೆಕ್ಕನ್ ಕ್ವೀನ್ ರೈಲು ಹಿಡಿದರೆ ಹತ್ತೂವರೆ ಹೊತ್ತಿಗೆ ಸಿಎಸ್‌ಎಂಟಿ ಮುಟ್ಟುತ್ತದೆ. ಎಕ್ಸ್‌ಪ್ರೆಸ್‌ವೇ ಮೇಲೆ ಕಾರು ನಂಬಬೇಡಿ, ಖಂಡಾಲಾ ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಕು. ಹಡಗು ಬಿಡುವ ಹೊತ್ತು ಬೇರೆ, ಕೌಂಟರ್ ಮುಚ್ಚುವ ಹೊತ್ತು ಬೇರೆ. ನಿಮಗೆ ಲೆಕ್ಕ ಎರಡನೆಯದು.

ಹತ್ತಿದ ಕೂಡಲೇ ಎಲ್ಲರೂ ಬಫೆಗೆ ಓಡುತ್ತಾರೆ. ನೀವು ಮೊದಲು ಕೋಣೆಗೆ ಹೋಗಿ ಬಾಗಿಲ ಹಿಂಬದಿ ನೋಡಿ. ಆಪತ್ತಿನಲ್ಲಿ ಸೇರಬೇಕಾದ ಜಾಗ, ಅಂದರೆ ಮಸ್ಟರ್ ಸ್ಟೇಷನ್, ಅಲ್ಲಿ ಬರೆದಿರುತ್ತದೆ. ಬೇರೆ ಕೋಣೆಯ ಗೆಳೆಯರ ಸ್ಟೇಷನ್ ಬೇರೆಯೇ ಇರಬಹುದು. ಏಳು ಗಿಡ್ಡ ಸೈರನ್, ಒಂದು ಉದ್ದ ಸೈರನ್ ಕೇಳಿದರೆ ಒಬ್ಬರನ್ನೊಬ್ಬರು ಹುಡುಕುತ್ತಾ ನಿಲ್ಲದೆ ಅವರವರ ಸ್ಟೇಷನ್‌ಗೆ ಹೋಗಬೇಕು. ಇದರ ಅಭ್ಯಾಸ (ಡ್ರಿಲ್) ಮಾಡಿಸುತ್ತಾರೆ, ಅದಕ್ಕೆ ಎಲ್ಲರೂ ಬರುವುದು ಕಡ್ಡಾಯ.

ದಡ ಬಿಟ್ಟು ಸ್ವಲ್ಪ ಹೊತ್ತಿಗೇ ಸಿಗ್ನಲ್ ಹೋಗುತ್ತದೆ. ಅಷ್ಟರೊಳಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇಕಿದ್ದರೆ ವೈಫೈ ಮಾತ್ರ ತೆರೆಯಿರಿ. ಹಾಗೇ ಬಿಟ್ಟರೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ ಏರಬಹುದು. ವಾಟ್ಸ್ಆ್ಯಪ್ ಇಲ್ಲದ ಗುಂಪು ಅರ್ಧ ದಿನ ಹುಡುಕಾಟದಲ್ಲೇ ಕಳೆಯುತ್ತದೆ. ಊಟಕ್ಕೆ ಹದಿನೈದು ನಿಮಿಷ ಮುಂಚೆ ಎಲ್ಲಿ ಸೇರುವುದು ಎಂದು ಮೊದಲೇ ಗೊತ್ತು ಮಾಡಿ, ‘ಲಾಬಿ’ ಎನ್ನಬೇಡಿ, ‘ಐದನೇ ಅಂತಸ್ತಿನ ಲಿಫ್ಟ್ ಎದುರು’ ಎಂದು ಹೇಳಿ. ಉಳಿದಂತೆ, ಹೋಗುವವರು ಬಾಗಿಲಿಗೆ ಮ್ಯಾಗ್ನೆಟ್‌ನಲ್ಲಿ ಚೀಟಿ ಅಂಟಿಸಿ ಹೋಗಲಿ: ‘ಪೂಲ್, 5ರವರೆಗೆ’. ಉಳಿದವರು ಬಂದರೆ ಬರಲಿ, ಇಲ್ಲವಾದರೆ ಇಲ್ಲ. ಎಂಟೂ ಜನ ಎಲ್ಲಕ್ಕೂ ಒಟ್ಟಿಗೇ ಹೋಗಬೇಕು ಅಂತ ಹಟ ಹಿಡಿಯಬೇಡಿ.

ಹೊಟ್ಟೆ ತೊಳಸುವ ಗುಣ ಇರುವವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಿ. ಹಡಗು ಬಿಡುವ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಈ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಮದ್ಯದ ಜೊತೆ ಬೇಡವೇ ಬೇಡ. ಖಾಲಿ ಹೊಟ್ಟೆಯೂ ತಪ್ಪು; ಒಣ ಬಿಸ್ಕತ್ತು, ಶುಂಠಿ ಚೂರು ಬಾಯಲ್ಲಿರಲಿ. ಕೋಣೆಯಲ್ಲಿ ಮುದುರಿ ಮಲಗಿ ಫೋನ್ ನೋಡುವ ಬದಲು ಡೆಕ್‌ಗೆ ಬಂದು ದಿಗಂತದ ಗೆರೆ ನೋಡುತ್ತಾ ನಿಲ್ಲಿ. ಕಿವಿಯೊಳಗಿನ ಸಮತೋಲನಕ್ಕೂ ಕಣ್ಣು ಹೇಳುವುದಕ್ಕೂ ಆಗ ತಾಳೆಯಾಗುತ್ತದೆ.

ಹಡಗಿನ ಟಾಯ್ಲೆಟ್ ಗಾಳಿ ಹೀರುವ ಬಗೆಯದು. ಪ್ಯಾಡು, ಒದ್ದೆ ವೈಪ್ಸ್ ಹಾಕಿದರೆ ನಿಮ್ಮದಷ್ಟೇ ಅಲ್ಲ, ಪಕ್ಕದ ಕೋಣೆಗಳದ್ದೂ ಕಟ್ಟಿಕೊಳ್ಳುತ್ತದೆ.

ಗೋವಾದಲ್ಲಿ ಹಡಗು ನಿಲ್ಲುವುದು ಮರ್ಮಗೋವಾ ಬಂದರಿನಲ್ಲಿ, ವಾಸ್ಕೊ ಪಕ್ಕ. ಅಲ್ಲಿಂದ ಕಲಂಗುಟ್‌ಗೆ ಹೋಗುವ ಹುಚ್ಚು ಬೇಡ, ದಿನದ ಅರ್ಧ ಟ್ಯಾಕ್ಸಿಯಲ್ಲೇ ಹೋಗುತ್ತದೆ. ಬೊಗ್ಮಾಲೊ ಬೀಚ್ ಹತ್ತಿರ. ಸುಮಾರು 30 ಕಿ.ಮೀ. ದೂರದ ಪಣಜಿಯ ಫೊಂಟೈನ್ಹಾಸ್ ಓಣಿಗಳೂ ಆಗುತ್ತವೆ. ಓಲಾ, ಊಬರ್ ನೆಚ್ಚಿಕೊಳ್ಳಬೇಡಿ. ಹೋಗಿ–ಬರುವ ಬಾಡಿಗೆಯನ್ನು ಹತ್ತುವ ಮುಂಚೆಯೇ ಮಾತಾಡಿ. ಎಲ್ಲರೂ ಹಡಗಿನೊಳಗಿರಬೇಕಾದ ಗಡುವಿಗೆ ಎರಡು ಗಂಟೆ ಮುಂಚೆ ವಾಪಸ್ ಹೊರಡಿ. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗಾಗಿ ಹಡಗು ಕಾಯುವುದಿಲ್ಲ. ಹುಬ್ಬಳ್ಳಿ, ಕಾರವಾರದ ಗೆಳೆಯರಿದ್ದರೆ ಅವರಿಗೆ ಮುಂಬೈ–ಗೋವಾ ಒಂದೇ ದಾರಿಯ ಟಿಕೆಟ್ ಸಿಗುತ್ತದೆಯೇ ವಿಚಾರಿಸಿ, ಗೋವಾದಲ್ಲೇ ಇಳಿದು ರೈಲು ಹಿಡಿದರೆ ಊರು ಹತ್ತಿರ.

ಹಡಗಿನಲ್ಲಿ ಎಲ್ಲ ಖರ್ಚೂ ಕೋಣೆಯ ಕಾರ್ಡಿಗೆ ಬೀಳುತ್ತದೆ. ‘ಈ ರೌಂಡ್ ನಂದು’ ಎಂಬ ದೊಡ್ಡಸ್ತಿಕೆ ಬೇಡ, ಅವರವರ ಕಾರ್ಡಿಗೆ ಅವರವರೇ ಸಹಿ ಹಾಕಲಿ. ಬಿಲ್ಲನ್ನು ಇಳಿಯುವ ಹಿಂದಿನ ಸಂಜೆಯೇ ರಿಸೆಪ್ಷನ್‌ನಲ್ಲಿ ತರಿಸಿ ನೋಡಿ. ಮಿನಿಬಾರ್‌ನದ್ದೋ ಪಕ್ಕದ ಕೋಣೆಯದ್ದೋ ಸೇರಿದ್ದರೆ ಆಗಲೇ ತೆಗೆಸಬಹುದು, ಬೆಳಿಗ್ಗೆ ಕ್ಯೂ ನೂರು ಜನರದ್ದು. ಆ ರಾತ್ರಿ ಪೆಟ್ಟಿಗೆಗೆ ಟ್ಯಾಗ್ ಕಟ್ಟಿ ಬಾಗಿಲಾಚೆ ಇಡಬೇಕು. ಮರುದಿನ ಹಾಕುವ ಬಟ್ಟೆ, ಚಪ್ಪಲಿ ಮೊದಲೇ ತೆಗೆದಿಟ್ಟುಕೊಳ್ಳಿ, ಪೆಟ್ಟಿಗೆ ಮತ್ತೆ ಸಿಗುವುದು ಟರ್ಮಿನಲ್‌ನಲ್ಲೇ. ಪುಣೆಗೆ ಹೋಗುವವರು ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಬೇಡಿ, ಸಂಜೆಯ ಡೆಕ್ಕನ್ ಕ್ವೀನ್ ಸಾಕು.