ಕ್ರಿಕೆಟ್ ಬ್ಯಾಟಿಗೆ ಹೊಸ ಹ್ಯಾಂಡಲ್ ಕೂರಿಸುವುದು ಹೇಗೆ?

ಹ್ಯಾಂಡಲ್ ಮುರಿದ ಬ್ಯಾಟು ನಮ್ಮ ಬಳ್ಳಾರಿ ಕಡೆ ಮೊದಲು ಹೋಗುವುದು ಬಾಗಿಲು, ಕಿಟಕಿ ಮಾಡುವ ಬಡಿಗೇರರ ಬಳಿಗೆ. ಅವರ ಕೈಕೆಲಸದಲ್ಲಿ ಕೊರತೆ ಏನಿಲ್ಲ. ತೊಂದರೆ ಬರುವುದೇ ಆ ಪಳಗಿದ ಕೈಯಿಂದ. ತೇಗ, ಬೇವಿನ ಚೌಕಟ್ಟುಗಳಲ್ಲಿ ಕೂಡುಗೆ ಎಷ್ಟು ಬಿಗಿಯೋ ಅಷ್ಟು ಗಟ್ಟಿ ಎಂದು ಕಲಿತ ಕೈ ಅದು. ಅದೇ ಅಭ್ಯಾಸದಲ್ಲಿ ಬೆತ್ತದ ಹ್ಯಾಂಡಲನ್ನು ವಿಲ್ಲೋ ಮರದ ಬ್ಲೇಡಿನೊಳಗೆ (ಚೆಂಡಿಗೆ ಹೊಡೆಯುವ ಅಗಲ ಭಾಗ) ಸುತ್ತಿಗೆಯಿಂದ ಬಡಿದು ಇಳಿಸುತ್ತಾರೆ. ಅವತ್ತಿಗೆ ಅಲ್ಲಾಡುವುದಿಲ್ಲ. ಎರಡು ಮ್ಯಾಚ್ ಆಡಿದ ಮೇಲೆ ಬ್ಲೇಡಿನ ಭುಜದಿಂದ, ಅಂದರೆ ಹ್ಯಾಂಡಲಿನ ಎರಡೂ ಪಕ್ಕದ ಮೇಲ್ತುದಿಯಿಂದ, ಕೆಳಕ್ಕೆ ಸೀಳು ಬಿಡುತ್ತದೆ. ಬರೀ ಹ್ಯಾಂಡಲ್ ಹೋಗಿದ್ದ ಬ್ಯಾಟಿಗೆ ಈಗ ಬ್ಲೇಡೂ ಇಲ್ಲ. ಹೀಗೆ ಕೆಟ್ಟು ಬಂದ ಬ್ಯಾಟುಗಳನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಗ್ರಿಪ್ ಹಾಕಿಕೊಡುವವರು ಓಣಿಗೊಬ್ಬರು ಸಿಗುತ್ತಾರೆ, ಹ್ಯಾಂಡಲ್ ಬದಲಿಸುವ ಕೈ ಕಡಿಮೆ. ರಾಯಚೂರು ವಲಯದ ಲೀಗ್ ಆಡುವ ಹುಡುಗರಿಂದ ಹಿಡಿದು ಹಳ್ಳಿ ಟೆನಿಸ್ ಬಾಲ್ ಟೂರ್ನಮೆಂಟಿನವರವರೆಗೆ ಗಿರಾಕಿಗಳಿದ್ದಾರೆ. ಒಂದು ಟೇಬಲ್, ಬ್ಯಾಟನ್ನು ಬಿಗಿಯಾಗಿ ಹಿಡಿದಿಡಲು ಒಂದು ವೈಸ್, ನಾಲ್ಕು ಉಪಕರಣ ಇದ್ದರೆ ಮನೆ ಪಡಸಾಲೆಯಲ್ಲೇ ಈ ಕೆಲಸ ಶುರು ಮಾಡಬಹುದು.

ಬ್ಯಾಟನ್ನು ರಿಪೇರಿಗೆ ತೆಗೆದುಕೊಳ್ಳುವ ಮೊದಲು

ಹ್ಯಾಂಡಲ್ ನಿಜವಾಗಿ ಮುರಿದಿದೆಯೇ ನೋಡಿ. ಆಡುವಾಗ ‘ಕಿರ್’ ಎನ್ನುತ್ತದೆ ಎಂದು ತರುವ ಬ್ಯಾಟುಗಳಲ್ಲಿ ಎಷ್ಟೋ ಸಲ ಸುತ್ತಿದ ದಾರ ಸಡಿಲಾಗಿರುತ್ತದೆ, ಅಷ್ಟೇ. ಗ್ರಿಪ್ ಬಿಚ್ಚಿ, ದಾರ ತೆಗೆದು, ಅಂಟು ಹಚ್ಚಿ ಮತ್ತೆ ಸುತ್ತಿದರೆ ಮುಗಿಯಿತು. ಅಂಥವರಿಗೆ ಹೊಸ ಹ್ಯಾಂಡಲ್ ಹಾಕಿ ಬಿಲ್ ಮಾಡಬೇಡಿ.

ಮುರಿದಿರುವುದು ಖಾತ್ರಿಯಾದರೆ ಬ್ಲೇಡಿನ ಎರಡೂ ಭುಜಗಳನ್ನು ಬೆಳಕಿಗೆ ಹಿಡಿದು ನೋಡಿ. ಹ್ಯಾಂಡಲ್ ಕೂರುವ ವಿ ಕಚ್ಚಿನ ತುದಿಯಿಂದ ಕೆಳಕ್ಕೆ ಕೂದಲೆಳೆಯಷ್ಟು ಸೀಳು ಕಂಡರೂ ಗಿರಾಕಿಗೆ ಅಲ್ಲೇ ತೋರಿಸಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ತೂಕ ಮಾಡಿ ಚೀಟಿಯಲ್ಲಿ ಬರೆದು ಬ್ಯಾಟಿಗೆ ಕಟ್ಟಿ. ರಿಪೇರಿ ಖರ್ಚು ಅಂಥದ್ದೇ ಹೊಸ ಬ್ಯಾಟಿನ ಬೆಲೆಯ ಮೂರನೇ ಒಂದು ಭಾಗ ದಾಟಿದರೆ ನಾನು ಬೇಡ ಎಂದೇ ಹೇಳುತ್ತೇನೆ. ಕಡಿಮೆ ಬೆಲೆಯ ಕಾಶ್ಮೀರ ವಿಲ್ಲೋ ಬ್ಯಾಟುಗಳು ಹೆಚ್ಚಾಗಿ ಈ ಲೆಕ್ಕದಲ್ಲೇ ವಾಪಸ್ ಹೋಗುತ್ತವೆ. ಇಂಗ್ಲಿಷ್ ವಿಲ್ಲೋ ಆದರೆ ಯೋಚನೆ ಬೇಡ, ಬ್ಲೇಡ್ ಚೆನ್ನಾಗಿದ್ದರೆ ಉಳಿಸಲೇಬೇಕು.

ಅಳತೆ

ಹೊಸ ಹ್ಯಾಂಡಲ್ ಹಾಕುವಾಗ ಆಟಗಾರನಿಗೆ ತಕ್ಕಂತೆ ಬ್ಯಾಟನ್ನು ಹೊಂದಿಸುವ ಅವಕಾಶ ಪುಕ್ಕಟೆಯಾಗಿ ಸಿಗುತ್ತದೆ. ಬಿಡಬೇಡಿ. ಆಡುವವನನ್ನೇ ಕರೆಸಿ, ಬೂಟು ಹಾಕಿಸಿ ನಿಲ್ಲಿಸಿ, ಬ್ಯಾಟನ್ನು ಕಾಲ ಪಕ್ಕ ನೆಟ್ಟಗೆ ನಿಲ್ಲಿಸಿ ನೋಡಿ. ಹ್ಯಾಂಡಲ್ ತುದಿ ತೊಡೆ ಸಂದಿನ ಮಟ್ಟಕ್ಕೆ ಬಂದರೆ ಸರಿ. ಮೇಲಿನ ಕೈ ಒಂದರಲ್ಲೇ ಬ್ಯಾಟನ್ನು ಎದುರಿಗೆ ನೆಟ್ಟಗೆ ಚಾಚಿ ಹಿಡಿಯಲಿ. ಮಣಿಕಟ್ಟು ತಕ್ಷಣ ಕುಸಿದರೆ ಆ ತೂಕ ಅವನಿಗಲ್ಲ. ದೊಡ್ಡವರ ಬ್ಯಾಟು ಸಾಮಾನ್ಯವಾಗಿ 1,130 ಗ್ರಾಂನಿಂದ 1,200 ಗ್ರಾಂ ನಡುವೆ ಇರುತ್ತದೆ. ಅಪ್ಪಂದಿರು ಮಾತ್ರ “ಬೆಳೀತಾನ್ ಬಿಡ್ರಿ, ದೊಡ್ದೇ ಇರ್ಲಿ” ಎನ್ನುತ್ತಾರೆ. ಕೇಳಬೇಡಿ. ಭಾರದ ಬ್ಯಾಟು ಹಿಡಿದ ಹುಡುಗ ಎಲ್ಲ ಚೆಂಡನ್ನೂ ಅಡ್ಡ ಬೀಸುವುದನ್ನು ಕಲಿಯುತ್ತಾನೆ, ಆಮೇಲೆ ಅದನ್ನು ಬಿಡಿಸಲು ಕೋಚ್ ಒದ್ದಾಡಬೇಕು.

ದುಂಡು ಹ್ಯಾಂಡಲೋ ಮೊಟ್ಟೆಯಾಕಾರದ್ದೋ ಎಂದೂ ಕೇಳಿ. ಕೆಳಗಿನ ಕೈ ಹಿಡಿಯುವ ಜಾಗ ಮೊಟ್ಟೆಯಾಕಾರವಿದ್ದರೆ ಬ್ಯಾಟಿನ ಮುಖ ಎತ್ತ ತಿರುಗಿದೆ ಎನ್ನುವುದು ಕೈಗೆ ಗೊತ್ತಾಗುತ್ತದೆ. ನನ್ನ ಓಟು ಅದಕ್ಕೇ. ನಿಯಮವೂ ನೆನಪಿರಲಿ: ಬ್ಯಾಟಿನ ಒಟ್ಟು ಉದ್ದ 38 ಇಂಚು ದಾಟುವಂತಿಲ್ಲ, ಹ್ಯಾಂಡಲ್ ಆ ಉದ್ದದ ಶೇ 52ಕ್ಕಿಂತ ಹೆಚ್ಚಿರುವಂತಿಲ್ಲ.

ಹ್ಯಾಂಡಲ್ ತರಿಸುವುದು

ಮೀರತ್, ಜಲಂಧರ್ ಕಡೆಯಿಂದ ಕೊರಿಯರ್‌ನಲ್ಲಿ ಬರುತ್ತದೆ. ‘ಸಿಂಗಾಪುರ ಕೇನ್’ (ಒಳ್ಳೆ ದರ್ಜೆಯ ಬೆತ್ತ) ಎಂದೇ ಕೇಳಿ. ಬಂದ ಮೇಲೆ ತುದಿ ನೋಡಿ: ಬೆತ್ತದ ಪಟ್ಟಿಗಳು, ನಡುನಡುವೆ ರಬ್ಬರಿನ ತೆಳು ಪದರ ಕಾಣಬೇಕು. ಆ ರಬ್ಬರೇ ಹೊಡೆತದ ಜುಮ್ಮನ್ನು ಕೈಗೆ ಬರದಂತೆ ತಡೆಯುವುದು. ಪದರವೇ ಇಲ್ಲದ, ಒಳಗೆ ಮರದ ತುಂಡು ಸೇರಿಸಿದ ಅಗ್ಗದ ಮಾಲೂ ಬರುತ್ತದೆ. ಅದನ್ನು ಹಾಕಿಕೊಟ್ಟರೆ ಮುಂಗೈ ನೋವು ಎಂದು ಗಿರಾಕಿ ಬರುತ್ತಾನೆ, ಬೈಗುಳ ನಿಮಗೆ.

ಹಳೆಯದನ್ನು ತೆಗೆಯುವುದು

ಗರಗಸ ಮುಟ್ಟುವ ಮೊದಲು ಹಳೆ ಹ್ಯಾಂಡಲ್ ತಲೆಯ ಮೇಲೆ ರಬ್ಬರ್ ಪದರದ ಗೆರೆಗಳು ಯಾವ ದಿಕ್ಕಿಗಿವೆ ನೋಡಿ, ಬ್ಲೇಡಿನ ಮುಖದ ಕಡೆಗೆ ಬಾಣದ ಗುರುತು ಹಾಕಿ. ಹೊಸದೂ ಅದೇ ದಿಕ್ಕಿಗೆ ಕೂರಬೇಕು. ಇದನ್ನು ಮರೆತವರು ಬಹಳ.

ಬ್ಲೇಡನ್ನು ವೈಸಿಗೆ ಹಾಕುವಾಗ ಎರಡೂ ಕಡೆ ಹಳೆ ಸೈಕಲ್ ಟ್ಯೂಬಿನ ತುಂಡು ಇಡಿ. ವಿಲ್ಲೋ ಮೆತ್ತಗಿನ ಮರ, ಕಬ್ಬಿಣದ ಹಲ್ಲು ಒಂದೇ ತಿರುವಿಗೆ ಅಚ್ಚೊತ್ತುತ್ತದೆ. ಭುಜಕ್ಕಿಂತ ಒಂದು ಬೆರಳು ಮೇಲೆ ಹ್ಯಾಂಡಲ್ ಕತ್ತರಿಸಿ ಎಸೆಯಿರಿ. ಉಳಿದಿರುವುದು ವಿ ಕಚ್ಚಿನೊಳಗಿನ ಬೆತ್ತ. ಎರಡೂ ಬದಿಯಲ್ಲಿ ಅಂಟಿನ ಗೆರೆಗಿಂತ ಸ್ವಲ್ಪ ಒಳಗೆ, ಬೆತ್ತದ ಮೇಲೆಯೇ, ಸಣ್ಣ ಹಲ್ಲಿನ ಗರಗಸ ಇಳಿಸಿ ನಡುವಿನ ತುಂಡನ್ನು ಹೊರಗೆ ತೆಗೆಯಿರಿ. ಗೋಡೆಗೆ ಅಂಟಿ ಉಳಿದ ತೆಳು ಪದರವನ್ನು ಹರಿತವಾದ ಉಳಿಯಿಂದ, ಸುತ್ತಿಗೆ ಇಲ್ಲದೆ, ಬರೀ ಅಂಗೈ ಒತ್ತಿನಲ್ಲಿ ಹೆರೆಯಿರಿ.

ಬಿಸಿ ಗಾಳಿ ಹಿಡಿದರೆ ಅಂಟು ಬೇಗ ಬಿಡುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಟು ಬಿಡುವುದೇನೋ ನಿಜ. ಜೊತೆಗೆ ಮರದ ತೇವವೂ ಹೋಗುತ್ತದೆ. ನಲವತ್ತು ಡಿಗ್ರಿ ಬಿಸಿಲಲ್ಲಿ ಮೊದಲೇ ಒಣಗಿ ಪೆಡಸಾದ ವಿಲ್ಲೋವನ್ನು ಇನ್ನಷ್ಟು ಒಣಗಿಸುವುದು ಯಾತಕ್ಕೆ?

ಹಳೆ ಅಂಟು ಪೂರ್ತಿ ಹೋಗಿದೆಯೇ ಎಂದು ಪರೀಕ್ಷಿಸಲು ಒದ್ದೆ ಬಟ್ಟೆಯಿಂದ ಕಚ್ಚಿನ ಗೋಡೆಯನ್ನು ಒಮ್ಮೆ ಒರೆಸಿ. ಬರೀ ಮರ ಇರುವ ಕಡೆ ನೀರು ಇಂಗಿ ಬಣ್ಣ ಗಾಢವಾಗುತ್ತದೆ. ಅಂಟು ಉಳಿದ ಕಡೆ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳಿ ಮಚ್ಚೆಗಳನ್ನೆಲ್ಲ ಹೆರೆದು ತೆಗೆಯಬೇಕು, ಹಳೆ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಆಮೇಲೆ ನೆರಳಲ್ಲಿ ಒಣಗಲು ಬಿಡಿ.

ಕೂರಿಸುವುದು: ಇಲ್ಲೇ ಎಲ್ಲರೂ ಎಡವುವುದು

ಇಲ್ಲಿಂದ ಮುಂದೆ ಒಂದೇ ಕಟ್ಟುನಿಟ್ಟು. ಹೊಂದದಿದ್ದರೆ ಹೆರೆಯಬೇಕಾದ್ದು ಬೆತ್ತವನ್ನು, ಬ್ಲೇಡನ್ನಲ್ಲ. ಹ್ಯಾಂಡಲ್ ಹಾಳಾದರೆ ಇನ್ನೊಂದು ತರಿಸಬಹುದು. ಬ್ಲೇಡಿನ ಕಚ್ಚನ್ನು ಒಂದು ಸಲ ಅಗಲ ಮಾಡಿದರೆ ಅದಕ್ಕೆ ಮದ್ದಿಲ್ಲ.

ದಪ್ಪ ರಟ್ಟಿನ ಮೇಲೆ ಕಚ್ಚಿನ ಆಕಾರ ತೆಗೆದು ಕತ್ತರಿಸಿ, ಒಳಗಿಟ್ಟು ನೋಡಿ. ರಟ್ಟು ಸರಿ ಕೂತರೆ ಅದೇ ಅಚ್ಚನ್ನು ಹೊಸ ಹ್ಯಾಂಡಲಿನ ಎರಡೂ ಮುಖಗಳ ಮೇಲೆ ಇಟ್ಟು ಗೆರೆ ಎಳೆಯಿರಿ. ಒಂದೇ ಕಡೆ ಎಳೆದು ಗರಗಸ ಹಾಕಿದರೆ ಇನ್ನೊಂದು ಕಡೆ ವಾರೆಯಾಗುವುದು ಖಂಡಿತ. ಗೆರೆಯ ಹೊರಗೆ ಒಂದು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಬೆತ್ತಕ್ಕೆ ಕೀಸುಳಿ ಹಾಕಬೇಡಿ, ನಾರು ಎದ್ದು ಬರುತ್ತದೆ. ಚಪ್ಪಟೆ ಹಲಗೆಗೆ 80 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ ಅದರ ಮೇಲೆ ಬೆಣೆಯನ್ನು (ಕಚ್ಚಿನೊಳಗೆ ಕೂರುವ ಹ್ಯಾಂಡಲಿನ ತುದಿ) ಉಜ್ಜಿ. ಮುಖ ಸಪಾಟಾಗಿ ಬರುತ್ತದೆ. ಅರ ಹಿಡಿದು ಉಜ್ಜಿದರೆ ಅಂಚುಗಳು ಇಳಿದು ನಡು ಉಬ್ಬುತ್ತದೆ. ಆಗ ನಡು ಮಾತ್ರ ತಾಗಿ ಅಂಚುಗಳಲ್ಲಿ ಸಂದು ಉಳಿಯುತ್ತದೆ, ಅಲ್ಲಿ ಅಂಟು ಹಿಡಿಯಲು ಮರವೇ ತಾಗಿರುವುದಿಲ್ಲ.

ಈಗ ಬಣ್ಣದ ಸೀಮೆಸುಣ್ಣ. ಕಚ್ಚಿನ ಒಳಗೋಡೆಗಳಿಗೆ ತೆಳುವಾಗಿ ಹಚ್ಚಿ, ಹ್ಯಾಂಡಲನ್ನು ಕೈಯಿಂದ ಒತ್ತಿ, ನೆಟ್ಟಗೆ ಹೊರಗೆಳೆಯಿರಿ. ಬೆತ್ತದ ಮೇಲೆ ಬಣ್ಣ ಹತ್ತಿದ ಜಾಗಗಳಷ್ಟೇ ಮುಟ್ಟುತ್ತಿವೆ ಎಂದರ್ಥ. ಮೊದಲ ಸಲ ಅಲ್ಲೊಂದು ಇಲ್ಲೊಂದು ಚುಕ್ಕಿ ಬೀಳುತ್ತದೆ. ಆ ಚುಕ್ಕಿಗಳನ್ನು ಮಾತ್ರ ಉಜ್ಜಿ, ಮತ್ತೆ ಒತ್ತಿ, ಮತ್ತೆ ನೋಡಿ. ಸಲ ಸಲಕ್ಕೂ ಬಣ್ಣ ಹರಡುತ್ತಾ ಹೋಗುತ್ತದೆ. ಎರಡೂ ಬದಿ ಮೇಲಿನಿಂದ ಕೆಳತನಕ ಬಣ್ಣ ಬಂದಾಗ ನಿಲ್ಲಿಸಿ. ಬೇಸರದ ಕೆಲಸ, ಆದರೆ ಗಿರಾಕಿ ಕೊಡುವ ದುಡ್ಡು ಇದಕ್ಕೇ. ಬೆಣೆಯ ತುದಿ ಕಚ್ಚಿನ ತಳಕ್ಕೆ ಮೊದಲು ತಾಗಿದರೆ ಬದಿಗಳು ಎಂದೂ ಕೂರುವುದಿಲ್ಲ. ತುದಿಯನ್ನು ಒಂದೆಳೆ ಗಿಡ್ಡ ಮಾಡಿ.

ಬಿಗಿ ಸರಿ ಇದೆಯೇ ಎಂದು ತಿಳಿಯಲು ಅಂಟಿಲ್ಲದೆಯೇ ಹ್ಯಾಂಡಲ್ ಹಿಡಿದು ಬ್ಯಾಟನ್ನು ಮೇಲೆತ್ತಿ. ಬ್ಲೇಡ್ ಕಳಚಿ ಬೀಳಬಾರದು. ಕೈಯಿಂದ ಎಳೆದರೆ ಬಿಟ್ಟು ಬರಬೇಕು. ಕೂರಿಸಲೋ ತೆಗೆಯಲೋ ಸುತ್ತಿಗೆ ಬೇಕೆನಿಸಿದರೆ ಬಿಗಿ ಹೆಚ್ಚಾಗಿದೆ. ಚೆಂಡು ಬಡಿದಾಗಲೆಲ್ಲ ಆ ಬೆಣೆ ಭುಜಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಇಲ್ಲಿ ಹಿಡಿಯಬೇಕಾದ್ದು ಅಂಟು, ಬಿಗಿ ಅಲ್ಲ. ಇಷ್ಟನ್ನು ಒಪ್ಪಿಸುವುದಕ್ಕೇ ಹಳೆ ಬಡಿಗೇರರೊಂದಿಗೆ ಎಷ್ಟು ವಾದ ಮಾಡಿದ್ದೇನೋ.

ಅಂಟು ಹಚ್ಚುವ ಮೊದಲು ನೇರ ನೋಡಿ. ಹ್ಯಾಂಡಲ್ ತಲೆಯ ನಡುವಿನಿಂದ ಬ್ಲೇಡಿನ ಕೆಳತುದಿಯ ನಡುವಿಗೆ ದಾರ ಹಿಡಿದರೆ ಅದು ವಿ ತುದಿಯ ಮೇಲೆಯೇ ಹಾಯಬೇಕು. ಆಮೇಲೆ ಪಕ್ಕದಿಂದ ನೋಡಿ. ಹ್ಯಾಂಡಲ್ ಮುಖದ ಕಡೆಗೆ ಒಂಚೂರು ವಾಲಿರಬೇಕು. ಹಿಂದಕ್ಕೆ ವಾಲಿದರೆ ಹೊಡೆತ ಎಣಿಸಿದ ಹಾಗೆ ಹೋಗುವುದಿಲ್ಲ. ಬ್ಯಾಟ್ಸ್‌ಮನ್ ತನ್ನ ಫಾರ್ಮ್ ಹೋಯಿತು ಎಂದುಕೊಳ್ಳುತ್ತಾನೆ, ಪಾಪ.

ಅಂಟು

ನೀರಿಗೆ ಬಿಡದ ಬಿಳಿ ಮರದಂಟು ಸಾಕು. ಐದು ರೂಪಾಯಿಯ ಕ್ವಿಕ್ ಅಂಟು ಅಂಚಿನ ಕೂದಲು ಸೀಳಿಗೆ ಆದೀತು, ಇಲ್ಲಿಗಲ್ಲ. ಸರಿಪಡಿಸಲು ಪುರಸೊತ್ತು ಕೊಡುವುದಿಲ್ಲ, ಹೊಡೆತಕ್ಕೆ ಪಟ್ಟನೆ ಬಿಡುತ್ತದೆ. ಸೀಮೆಸುಣ್ಣದ ಪುಡಿ ಒರೆಸಿ, ಬೆತ್ತ, ವಿಲ್ಲೋ ಎರಡಕ್ಕೂ ಬ್ರಷ್‌ನಿಂದ ಹಚ್ಚಿ, ಒತ್ತಿ ಕೂರಿಸಿ, ಮತ್ತೊಮ್ಮೆ ದಾರ ಹಿಡಿದು ನೇರ ನೋಡಿ. ಭುಜದ ಸುತ್ತ ಸೈಕಲ್ ಟ್ಯೂಬಿನ ಉದ್ದ ಪಟ್ಟಿಯನ್ನು ಎಳೆದೆಳೆದು ಸುತ್ತಿ. ಕ್ಲಾಂಪ್ ಹಾಕುವವರು ಅತಿಯಾಗಿ ಬಿಗಿದು ಇದ್ದ ಅಂಟನ್ನೆಲ್ಲ ಹೊರಗೆ ಹಿಂಡಿಬಿಡುತ್ತಾರೆ, ಟ್ಯೂಬಿನಲ್ಲಿ ಆ ಭಯವಿಲ್ಲ. ಬೇಸಿಗೆಯಲ್ಲಿ ಈ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮಾಡಿ. ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಹಚ್ಚುತ್ತ ಹಚ್ಚುತ್ತಲೇ ಅಂಟು ಕೆನೆಗಟ್ಟುತ್ತದೆ. 24 ಗಂಟೆ ಮುಟ್ಟಬೇಡಿ. “ಅಣ್ಣಾ, ನಾಳೆ ಮ್ಯಾಚ್ ಐತಿ, ಸಂಜೀಗೆ ಕೊಡ್ರಿ” ಎನ್ನುವವನಿಗೆ ಬೇರೆ ಬ್ಯಾಟು ಕೊಟ್ಟು ಕಳಿಸಿ.

ಉಳಿದದ್ದು

ಭುಜದ ಹತ್ತಿರ ಬೆತ್ತ, ಬ್ಲೇಡ್ ಒಂದೇ ಮಟ್ಟಕ್ಕೆ ಬರುವಂತೆ ಅರ, ಆಮೇಲೆ ಸ್ಯಾಂಡ್ ಪೇಪರ್ ಹಾಕಿ.

ದಾರದ ವಿಷಯದಲ್ಲಿ ಒಂದು ಮಾತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೆ ಬರವಿಲ್ಲ, ದಾರದ ಉಂಡೆ ಸುಲಭವಾಗಿ ಸಿಗುತ್ತದೆ. ಅದನ್ನೇ ಸುತ್ತಿಕೊಟ್ಟ ಹ್ಯಾಂಡಲುಗಳನ್ನು ನೋಡಿದ್ದೇನೆ. ಅದು ಪ್ಯಾಂಟಿಗೆ ಗಟ್ಟಿ, ಹ್ಯಾಂಡಲಿಗೆ ಬಹಳ ಸಣ್ಣ. ಒಂದು ಕಡೆ ಕಡಿದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಬ್ಯಾಟಿಗೆಂದೇ ಬರುವ ದಪ್ಪ ದಾರ ತರಿಸಿ. ಹ್ಯಾಂಡಲಿಗೆ ತೆಳುವಾಗಿ ಅಂಟು ಸವರಿ, ಭುಜದಿಂದ ಮೇಲಕ್ಕೆ, ಸಾಲಿಗೆ ಸಾಲು ಅಂಟಿಕೊಂಡಂತೆ ಸುತ್ತಿ. ಕೊನೆಯ ಏಳೆಂಟು ಸುತ್ತುಗಳ ಕೆಳಗೆ ಒಂದು ಕುಣಿಕೆ ಇಟ್ಟಿರಿ. ದಾರದ ತುದಿಯನ್ನು ಅದರಲ್ಲಿ ತೂರಿಸಿ, ಕುಣಿಕೆ ಎಳೆದರೆ ತುದಿ ಒಳಗೆ ಹೂತುಹೋಗುತ್ತದೆ. ಗಂಟು ಹಾಕಿದರೆ ಗ್ರಿಪ್ಪಿನ ಮೇಲೂ ಕೈಗೆ ಚುಚ್ಚುತ್ತದೆ.

ಗ್ರಿಪ್ ಕೋನಿಗೆ (ಗ್ರಿಪ್ ಏರಿಸುವ ಶಂಕುವಿನಾಕಾರದ ಸಾಧನ) ಪೌಡರ್ ಹಾಕಿ ಗ್ರಿಪ್ ಉರುಳಿಸಿ. ತೂಕ ಮಾಡಿ, ಚೀಟಿಯಲ್ಲಿದ್ದ ಹಳೆ ತೂಕದ ಪಕ್ಕ ಬರೆಯಿರಿ. ಬ್ಯಾಟು ಕೆಳಗೆ ಭಾರ ಎನಿಸಿದರೆ ಎರಡನೇ ಗ್ರಿಪ್ ಹಾಕಿ ನೋಡಿ, ಮೇಲೆ ಕೂಡಿದ ತೂಕದಿಂದ ಎತ್ತುವಾಗ ಹಗುರವೆನಿಸುತ್ತದೆ.

ಬ್ಲೇಡಿಗೆ ಅಗಸಿ ಎಣ್ಣೆ, ಅದೂ ಕುದಿಸದ ಹಸಿಯದು. ಪೇಂಟ್ ಅಂಗಡಿಯಲ್ಲಿ ಸಿಗುವ ‘ಡಬಲ್ ಬಾಯಿಲ್ಡ್’ ಬೇಗ ಒಣಗಲೆಂದು ಮಾಡಿದ್ದು, ಮೇಲೆ ಪದರ ಕಟ್ಟುತ್ತದೆ, ಒಳಗಿಳಿಯುವುದಿಲ್ಲ. ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಒರೆಸಿ, ಮಲಗಿಸಿಡಿ. ವಿ ಕೂಡುಗೆಗೂ ಸ್ಟಿಕರಿಗೂ ತಾಗಿಸಬೇಡಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಅಂಗಡಿ ಎಂದು ಬೋರ್ಡ್ ಹಾಕುವವರು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿಕೊಳ್ಳಿ. ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ, ಏಜೆಂಟರಿಗೆ ದುಡ್ಡು ಕೊಡಬೇಡಿ. ಬಡಿಗತನದ ಕಸುಬಿನವರಾದರೆ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆಂದು 15,000 ರೂಪಾಯಿವರೆಗೆ ಸಿಗುತ್ತದೆ. ವೈಸ್, ಉಳಿ, ಗರಗಸಕ್ಕೆ ಅಷ್ಟು ಸಾಕು. ಹ್ಯಾಂಡಲಿನ ದುಡ್ಡನ್ನು ಮೊದಲೇ ಅಡ್ವಾನ್ಸ್ ತೆಗೆದುಕೊಳ್ಳಿ, ಕೂಲಿಯನ್ನು ಬ್ಯಾಟು ವಾಪಸ್ ಕೊಡುವಾಗ. ಟೂರ್ನಮೆಂಟ್ ಮುಗಿದ ಮೇಲೆ ಬ್ಯಾಟು ಒಯ್ಯಲು ಯಾರೂ ಬರುವುದಿಲ್ಲ.