ಹಳೆ ಹಾಡು ಮೇಲೋ, ಹೊಸದು ಮೇಲೋ: ಮನೆಯಲ್ಲೇ ಒರೆಗೆ ಹಚ್ಚುವ ಬಗೆ

‘ಈಗಿನ ಹಾಡಲ್ಲಿ ಏನಿದೆ, ಬರೀ ಗಲಾಟೆ’ ಎನ್ನುವ ಒಂದೇ ಮಾತಿನಲ್ಲಿ ನಾಲ್ಕು ದೂರುಗಳು ಸೇರಿಕೊಂಡಿರುತ್ತವೆ. ಟ್ಯೂನ್ ಸಪ್ಪೆ. ಹಾಡುವವರು, ನುಡಿಸುವವರು ಮೊದಲಿನಂತಿಲ್ಲ. ರೆಕಾರ್ಡಿಂಗ್ ಕಿವಿಗೆ ಬಡಿಯುತ್ತದೆ. ಸಾಹಿತ್ಯ ಪೊಳ್ಳು. ನಾಲ್ಕನ್ನೂ ಒಂದೇ ತಕ್ಕಡಿಗೆ ಹಾಕಿದರೆ ವಾದ ಮುಗಿಯುವುದೇ ಇಲ್ಲ. ಬಿಡಿಸಿ ಒಂದೊಂದಾಗಿ ತೂಗಿದರೆ ಕೆಲವಕ್ಕೆ ಖಚಿತ ಉತ್ತರವೇ ಸಿಗುತ್ತದೆ. ಇದಕ್ಕೆ ಬೇಕಾದ್ದು ಒಂದು ಕಂಪ್ಯೂಟರ್, ಒಳ್ಳೆಯ ಹೆಡ್‌ಫೋನ್, ಧ್ವನಿ ತಿದ್ದಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಒಂದು ಕೀಬೋರ್ಡ್, ನೆರವಿಗೆ ಒಬ್ಬರು ಮತ್ತು ಎರಡು ವಾರದ ತಾಳ್ಮೆ.

ಮೊದಲು ಹಾಡುಗಳ ಆಯ್ಕೆ

ಹೆಚ್ಚಿನ ಹೋಲಿಕೆಗಳು ಕೆಡುವುದು ಇಲ್ಲೇ. ಹಳೆ ಕಾಲದಿಂದ ನಾವು ತರುವುದು ಐವತ್ತು ವರ್ಷ ಜರಡಿ ಹಿಡಿದ ಮೇಲೆ ಉಳಿದ ಹಾಡುಗಳನ್ನು. ಇಂದಿನಿಂದ ತರುವುದು ನಿನ್ನೆ ಆಟೋದಲ್ಲಿ ಕಿವಿಗೆ ಬಿದ್ದದ್ದನ್ನು. ಅಂದಿನ ಕಳಪೆ ಹಾಡುಗಳನ್ನು ಈಗ ಯಾರೂ ಹಾಕುವುದಿಲ್ಲವಾದ್ದರಿಂದ ಅವು ಇದ್ದವೆಂಬುದೇ ಮರೆತುಹೋಗಿದೆ. ದೂರದ ಬೆಟ್ಟ ನುಣ್ಣಗೆ.

ಆಯ್ಕೆಯನ್ನು ನಿಮ್ಮ ರುಚಿಯ ಕೈಗೆ ಕೊಡಬೇಡಿ. ಹಾಡುಗಳ ಹೆಸರು ನೋಡುವ ಮೊದಲೇ ಎರಡು ವರ್ಷ ಮತ್ತು ಒಂದು ವಾರವನ್ನು ನಿಗದಿ ಮಾಡಿ. ಉದಾಹರಣೆಗೆ, ಎರಡೂ ವರ್ಷಗಳ ಜೂನ್ ತಿಂಗಳ ಮೂರನೇ ವಾರ. ಆ ವಾರದ ಟಾಪ್ 40 ಪಟ್ಟಿಯಲ್ಲಿ 1, 3, 5 ಹೀಗೆ 39ರವರೆಗೆ ಬೆಸಸಂಖ್ಯೆಯ ಸ್ಥಾನದ ಹಾಡುಗಳನ್ನು ತೆಗೆದುಕೊಂಡರೆ ಪ್ರತಿ ಕಾಲಕ್ಕೆ 20 ಆಗುತ್ತವೆ. ಅಂಥ ಪಟ್ಟಿಯೇ ಇಲ್ಲದ ಸಂಗೀತವಾದರೆ, ಒಂದು ತಿಂಗಳಲ್ಲಿ ಬಿಡುಗಡೆಯಾದ ಎಲ್ಲ ಆಲ್ಬಂಗಳ ಎರಡನೇ ಹಾಡು ಎಂಬಂಥ ಕುರುಡು ನಿಯಮ ಇಟ್ಟುಕೊಳ್ಳಿ. ‘ಛೇ, ಇದು ಬೇಡ, ಆ ಕಾಲದ್ದು ಇನ್ನೂ ಒಳ್ಳೆಯದಿದೆ’ ಎನಿಸುವುದು ಖಂಡಿತ. ಆಗ ಬದಲಾಯಿಸಿದಿರೋ, ಪರೀಕ್ಷೆ ಮುಗಿದ ಹಾಗೆ. ಹಳೆಯದೊಂದಕ್ಕೆ ಹೊಸದೊಂದು ಎಂದು ಜೋಡಿ ಮಾಡುವಾಗ ಮಾತ್ರ ನಿಧಾನದ್ದಕ್ಕೆ ನಿಧಾನದ್ದು, ಕುಣಿತದ್ದಕ್ಕೆ ಕುಣಿತದ್ದು ಎಂದು ಹೊಂದಿಸಿ.

ಕಿವಿಯ ಹಳೇ ನಂಟು

ಪದೇ ಪದೇ ಎದುರಾದದ್ದು ಹಿಡಿಸತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಮೋರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಹಲವು ದಶಕಗಳ ಹಾಡು ಕೇಳಿಸಿದಾಗ, ಒಲವು ತುತ್ತತುದಿ ಮುಟ್ಟಿದ್ದು ಕೇಳುಗರಿಗೆ ಸುಮಾರು 23-24 ವರ್ಷವಿದ್ದಾಗ ಬಂದ ಹಾಡುಗಳ ಮೇಲೆ. ಹಾಗಾಗಿ ನಿಮ್ಮ 14ರಿಂದ 25ನೇ ವಯಸ್ಸಿನ ನಡುವೆ ಬಂದ ಹಾಡುಗಳಿಗೆ ಪಟ್ಟಿಯಲ್ಲಿ ಕೆಂಪು ಗುರುತು ಹಾಕಿ. ಅವನ್ನು ಕಿತ್ತುಹಾಕಬೇಕಿಲ್ಲ, ಕೊನೆಗೆ ಬೇರೆಯಾಗಿ ಎಣಿಸಿದರೆ ಸಾಕು. ಉಳಿದವನ್ನು, ಹಳೆಯದಿರಲಿ ಹೊಸದಿರಲಿ, ಹತ್ತು ದಿನಗಳಲ್ಲಿ ಹರಡಿ ಐದೈದು ಸಲ ಕೇಳಿ. ಒಂದೇ ದಿನ ಐದು ಸಲ ಕೇಳಿದರೆ ಹಿಡಿಸುವುದರ ಬದಲು ಬೇಸರ ಬರುತ್ತದೆ.

ಸದ್ದು ಸಮ ಮಾಡುವುದು

ಎರಡು ಧ್ವನಿಗಳಲ್ಲಿ ಒಂದು ಬರೀ 1 ಡೆಸಿಬಲ್ ಜೋರಾಗಿದ್ದರೂ ಕಿವಿ ಅದನ್ನು ‘ಜೋರು’ ಎನ್ನದೆ ‘ಸ್ಪಷ್ಟ’, ‘ತುಂಬಿದೆ’ ಎಂದು ಹೊಗಳುವುದುಂಟು. ಸದ್ದು ತಗ್ಗಿದಷ್ಟೂ ಬೇಸ್ ನಮಗೆ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ಅಳೆದು ನಕ್ಷೆ ಮಾಡಿದರು. ಆದ್ದರಿಂದ ಸದ್ದು ಸಮ ಮಾಡದೆ ನಡೆಸಿದ ಹೋಲಿಕೆಗೆ ಬೆಲೆಯಿಲ್ಲ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಸುಮ್ಮನೆ ಕೇಳುವುದಾದರೆ ಲೌಡ್‌ನೆಸ್ ನಾರ್ಮಲೈಸೇಶನ್ ಚಾಲೂ ಇದೆಯೇ ನೋಡಿ. ಸ್ಪಾಟಿಫೈ ಮಾಮೂಲಿಯಾಗಿ ಎಲ್ಲ ಹಾಡನ್ನೂ -14 ಎಲ್‌ಯುಎಫ್‌ಎಸ್ ಆಸುಪಾಸಿಗೆ ತಂದು ನುಡಿಸುತ್ತದೆ. ಎಲ್‌ಯುಎಫ್‌ಎಸ್ ಎಂದರೆ ಕಿವಿಗೆ ಅನಿಸುವ ಜೋರಿನ ಅಳತೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) 2006ರ ಮಾನದಂಡದಿಂದ ಬಂದದ್ದು. ಸರಿಯಾಗಿ ಮಾಡಬೇಕೆಂದರೆ ಸಿಡಿಯಿಂದ ತೆಗೆದ ಅಥವಾ ಕೊಂಡು ಇಳಿಸಿಕೊಂಡ ಫೈಲು ಬೇಕು. ವೇವ್ ಅಥವಾ ಫ್ಲ್ಯಾಕ್ ಆದರೆ ಒಳ್ಳೆಯದು. 128 ಕೆಬಿಪಿಎಸ್‌ನ ಹಳೇ ಎಂಪಿ3 ಬೇಡ, ಅದರಲ್ಲಿ ಸಿಂಬಲ್‌ನ ನಾದ ನೀರಿನಲ್ಲಿ ಅದ್ದಿದಂತೆ ಕೇಳಿಸುತ್ತದೆ.

ಆಡಾಸಿಟಿಯಲ್ಲಿ ಹಾಡು ತೆರೆದು, ಎಫೆಕ್ಟ್ ಮೆನುವಿನ ಲೌಡ್‌ನೆಸ್ ನಾರ್ಮಲೈಸೇಶನ್‌ಗೆ ಹೋಗಿ ಗುರಿಯನ್ನು -23 ಎಲ್‌ಯುಎಫ್‌ಎಸ್ ಎಂದು ಇಡಿ. -14 ಯಾಕೆ ಬೇಡ? ಹಳೇ ಸಿಡಿಯೊಂದು -19ರಲ್ಲಿದ್ದು, ಅದರ ಅತಿ ಎತ್ತರದ ತುದಿ ಆಗಲೇ -1 ಡೆಸಿಬಲ್‌ಗೆ ತಾಗಿದೆ ಎನ್ನಿ. ಅದನ್ನು -14ಕ್ಕೆ ಏರಿಸಿದರೆ ತುದಿ 0 ಎಂಬ ಗರಿಷ್ಠ ಮಿತಿ ದಾಟಿ +4ಕ್ಕೆ ಹೋಗಿ, 16 ಬಿಟ್ ಫೈಲಾಗಿ ಹೊರತೆಗೆಯುವಾಗ ತಲೆ ಕತ್ತರಿಸಿಹೋಗುತ್ತದೆ. ಏರಿಸುವುದಕ್ಕಿಂತ ಎಲ್ಲವನ್ನೂ ಇಳಿಸುವುದೇ ಕ್ಷೇಮ. ಜೋರು ಬೇಕಿದ್ದರೆ ಹೆಡ್‌ಫೋನಿನ ವಾಲ್ಯೂಮ್ ತಿರುಗಿಸಿ. ಮೊನೊ (ಒಂದೇ ಚಾನೆಲ್‌ನ) ಫೈಲುಗಳಿದ್ದರೆ ಅದೇ ಕಿಟಕಿಯಲ್ಲಿ ‘ಮೊನೊವನ್ನು ಡ್ಯುಯಲ್ ಮೊನೊ ಎಂದು ಪರಿಗಣಿಸು’ ಎಂಬ ಅರ್ಥದ ಆಯ್ಕೆಗೆ ಟಿಕ್ ಇರಲಿ. ಇಲ್ಲದಿದ್ದರೆ ಮೊನೊ ಹಾಡು 3 ಡೆಸಿಬಲ್ ಹೆಚ್ಚು ಜೋರಾಗಿ ಕೂರುತ್ತದೆ, ಲಾಭವೆಲ್ಲ ಹಳೆ ಹಾಡಿಗೆ.

ಈಗ ಒಂದೇ ಹಾಡಿನ ಎರಡು ಅವತಾರಗಳನ್ನು ಪಕ್ಕಪಕ್ಕ ಇಡಿ: 1980ರ ದಶಕದ ಸಿಡಿ ಮತ್ತು 2000ದ ನಂತರದ ರಿಮಾಸ್ಟರ್, ಅಂದರೆ ಅದೇ ಮುದ್ರಣವನ್ನು ಮತ್ತೆ ಹದಗೊಳಿಸಿ ಹೊರತಂದ ಪ್ರತಿ. ಮೇಲಿನ ಹಳೇ ಸಿಡಿ -19, ತುದಿ -1. ರಿಮಾಸ್ಟರ್ -8, ತುದಿ 0 ಎಂದಿಟ್ಟುಕೊಳ್ಳಿ. ಏನೂ ಮಾಡದೆ ಕೇಳಿದರೆ ರಿಮಾಸ್ಟರ್ 11 ಡೆಸಿಬಲ್ ಮೇಲಿದೆ. ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರು, ಗೆಲ್ಲುವುದು ಅದೇ. ಎರಡನ್ನೂ -23ಕ್ಕೆ ತಂದ ಮೇಲೆ ನೋಡಿ. ಹಳೆಯದು 4 ಇಳಿದು ತುದಿ -5ರಲ್ಲಿ ನಿಂತಿದೆ. ಹೊಸದು 15 ಇಳಿದು ತುದಿ -15ಕ್ಕೆ ಬಿದ್ದಿದೆ. ಅಂದರೆ ಡ್ರಮ್ಮಿನ ಜೋರು ಏಟು ಹಳೆಯದರಲ್ಲಿ ಸುಮಾರು 10 ಡೆಸಿಬಲ್ ಎತ್ತರಕ್ಕೆ ಚಿಮ್ಮುತ್ತದೆ, ಹೊಸದರಲ್ಲಿ ಹಾಡಿನ ಮೈಯೊಳಗೇ ಹೂತುಹೋಗಿದೆ. ಪರದೆಯ ಮೇಲೂ ಅದು ಕಾಣುತ್ತದೆ: ಒಂದು ಬಾಚಣಿಗೆಯ ಹಾಗೆ ಏರಿಳಿದಿದ್ದರೆ ಇನ್ನೊಂದು ಇಟ್ಟಿಗೆಯ ಹಾಗೆ ಸಪಾಟು. ಒಂದು ಏಟಿನ ಮೇಲೆ ಜೂಮ್ ಮಾಡುತ್ತಾ ಹೋದರೆ ಅಲೆಯ ನೆತ್ತಿಯನ್ನು ಉಜ್ಜಿಹಾಕಿದ್ದು ಬರಿಗಣ್ಣಿಗೇ ಸಿಗುತ್ತದೆ. ಕ್ಲಿಪ್ಪಿಂಗ್ (ಅಲೆಯ ತಲೆ ಕತ್ತರಿಸಿದ್ದು) ತೋರಿಸುವ ಕೆಂಪು ಗೆರೆಯನ್ನಷ್ಟೇ ನಂಬಬೇಡಿ. ಸದ್ದಿನ ತುದಿಗಳನ್ನು ಅದುಮುವ ಲಿಮಿಟರ್ ಉಜ್ಜಿದ ತಲೆ 0 ಡೆಸಿಬಲ್‌ಗಿಂತ ಕೂದಲೆಳೆ ಕೆಳಗಿದ್ದರೆ ಆ ಗೆರೆ ಬರುವುದೇ ಇಲ್ಲ.

ಮುಂದೆ ಬರುವ ಸದ್ದನ್ನು ಮೊದಲೇ ನೋಡಿ ಅದುಮುವ ಡಿಜಿಟಲ್ ಲಿಮಿಟರ್‌ಗಳು ಸ್ಟುಡಿಯೋಗಳಿಗೆ ಬಂದದ್ದು 1990ರ ದಶಕದಲ್ಲಿ. ಪಕ್ಕದ ಹಾಡಿಗಿಂತ ನಮ್ಮದು ಜೋರಾಗಿರಲಿ ಎಂಬ ಪೈಪೋಟಿಯಲ್ಲಿ ಎಲ್ಲರೂ ಅದುಮಿದರು. ‘ಈಗಿನ ಹಾಡು ಕೇಳಿದರೆ ತಲೆನೋವು’ ಎಂಬ ದೂರಿಗೆ ಅಳೆಯಬಹುದಾದ ಆಧಾರ ಇರುವುದು ಇಲ್ಲಿ. ಆದರೆ ಇದು ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಮೇಜಿನ ತಪ್ಪು, ಟ್ಯೂನಿನದಲ್ಲ. ಹಳೇ ಹಾಡುಗಳ ರಿಮಾಸ್ಟರ್‌ಗೂ ಅದೇ ಗತಿಯಾಗಿದೆ. ಆ್ಯಪ್‌ನಲ್ಲಿ ‘ಹಳೇ ಹಾಡು’ ಎಂದು ಕೇಳುತ್ತಿರುವುದು ಎಷ್ಟೋ ಸಲ ಅದುಮಿದ ಪ್ರತಿಯನ್ನೇ, ಹೆಸರಿನ ಪಕ್ಕ ರಿಮಾಸ್ಟರ್ ಆದ ಇಸವಿ ಇದೆಯೇ ನೋಡಿ.

ಈ ವ್ಯತ್ಯಾಸ ನಿಜಕ್ಕೂ ನಿಮ್ಮ ಕಿವಿಗೆ ಗೊತ್ತಾಗುತ್ತದೆಯೇ ಎಂದು ತಿಳಿಯಲು ಎಬಿಎಕ್ಸ್ ಪರೀಕ್ಷೆ ಇದೆ. ಫೂಬಾರ್2000 ಪ್ಲೇಯರ್‌ಗೆ ಅದರ ಉಪಕರಣ ಸೇರಿಸಿಕೊಳ್ಳಬಹುದು. ಎ, ಬಿ ಎರಡನ್ನೂ ಕೇಳಿಸಿ, ಮೂರನೆಯದಾಗಿ ಬಂದದ್ದು ಯಾವುದೆಂದು ಅದು ಕೇಳುತ್ತದೆ. 16 ಸಲ ಮಾಡಿ. 12 ಅಥವಾ ಹೆಚ್ಚು ಸರಿಯಾದರೆ ಗುರುತಿಸಿದಿರಿ ಎನ್ನಬಹುದು, ಬರೀ ಊಹೆಯಿಂದ ಅಷ್ಟು ಬರುವುದು 100ಕ್ಕೆ ಸುಮಾರು 4 ಸಲ. ಮೊದಲು ಎರಡೂ ಫೈಲನ್ನು ಒಂದೇ ಡ್ರಮ್ ಏಟಿಗೆ ಸರಿಯಾಗಿ ಹೊಂದಿಸಿ ಕತ್ತರಿಸಿ. ಅರ್ಧ ಸೆಕೆಂಡ್ ಹಿಂದುಮುಂದಾದರೂ ಕಿವಿ ಸದ್ದನ್ನು ಬಿಟ್ಟು ಆ ಸುಳಿವನ್ನೇ ಹಿಡಿದು ಗೆದ್ದುಬಿಡುತ್ತದೆ.

ಟ್ಯೂನನ್ನು ಬಟ್ಟೆ ಬಿಚ್ಚಿ ನೋಡುವುದು

ಎರಡು ಬೇರೆ ಹಾಡುಗಳನ್ನು ಕಣ್ಣು ಕಟ್ಟಿ ಹೋಲಿಸುತ್ತೇವೆಂದರೆ ಆಗದ ಮಾತು. ಟೇಪಿನ ಸುಯ್ಯೆನ್ನುವ ಸದ್ದು, ಮೊನೊ, 1997ರಲ್ಲಿ ಬಂದ, ಸ್ವರ ತಿದ್ದುವ ಆಟೋ ಟ್ಯೂನ್ ತಂತ್ರಾಂಶದ ಜಾರಿಲ್ಲದ ದನಿ, ಇಷ್ಟರಲ್ಲೇ ಕಾಲ ಗೊತ್ತಾಗಿಬಿಡುತ್ತದೆ. ಅದಕ್ಕೇ ಸಂಯೋಜನೆಯನ್ನು ರೆಕಾರ್ಡಿಂಗ್‌ನಿಂದ ಬೇರ್ಪಡಿಸಬೇಕು.

ಪ್ರತಿ ಹಾಡಿನ ಪಲ್ಲವಿಯ 16 ಬಾರ್‌ಗಳನ್ನು (ತಾಳದ ಆವರ್ತಗಳನ್ನು) ಕೀಬೋರ್ಡಿನಲ್ಲಿ ಒಂದೇ ಪಿಯಾನೊ ದನಿಯಲ್ಲಿ ನುಡಿಸಿ ಮುದ್ರಿಸಿ. ಬಲಗೈಯಲ್ಲಿ ಟ್ಯೂನ್, ಎಡಗೈಯಲ್ಲಿ ಬರೀ ಕಾರ್ಡ್, ಪೆಡಲ್ ಬೇಡ. ಹಾಡಿನ ವೇಗವನ್ನೇ ಮೆಟ್ರೊನೋಮ್‌ಗೆ ಇಡಿ. ಫೈಲುಗಳಿಗೆ ಸಂಖ್ಯೆ ಕೊಟ್ಟು, ಈ ಹಾಡುಗಳ ಪರಿಚಯವಿಲ್ಲದವರಿಗೆ ಜೋಡಿ ಜೋಡಿಯಾಗಿ ಕೇಳಿಸಿ. ‘ಯಾವುದು ಚೆನ್ನ’ ಎಂದಷ್ಟೇ ಅಲ್ಲ, ಮಾರನೇ ದಿನ ‘ಯಾವುದನ್ನು ಗುನುಗಬಲ್ಲಿರಿ’ ಎಂದೂ ಕೇಳಿ. ಎರಡನೇ ಪ್ರಶ್ನೆಯ ಉತ್ತರ ಹೆಚ್ಚು ನಂಬಿಕೆಗೆ ಅರ್ಹ.

ಇದರಲ್ಲಿ ಎರಡು ತಪ್ಪಾಗಬಹುದು. ಗಮಕದಲ್ಲೇ ಜೀವವಿರುವ ಹಾಡು ಕೀಬೋರ್ಡಿನ ಮೇಲೆ ಹೆಣವಾಗುತ್ತದೆ. ಕೀಬೋರ್ಡಿನ ಎರಡು ಮನೆಗಳ (ಕೀಗಳ) ನಡುವಿನ ಜಾರನ್ನು ಆ ಮನೆಗಳು ನುಡಿಯಲಾರವು. ಅಂಥವನ್ನು ಎರಡೂ ಕಾಲದ್ದು ಒಬ್ಬರೇ ‘ಲಾ ಲಾ’ ಎಂದು ಹಾಡಿ ಮುದ್ರಿಸಲಿ. ಎರಡನೆಯದು, ಈ ಪರೀಕ್ಷೆಯೇ ಹಳೆಯದರ ಕಡೆ ವಾಲಿದೆ. ಹೊಸ ಹಾಡುಗಳಲ್ಲಿ ಹಲವಕ್ಕೆ ಬಂಡವಾಳ ಟ್ಯೂನ್ ಅಲ್ಲ, ಲಯ ಮತ್ತು ನಾದದ ಬಣ್ಣ. ಪಿಯಾನೊಗೆ ಇಳಿಸಿದರೆ ಅವುಗಳ ಶ್ರಮವೆಲ್ಲ ಮಾಯ. ನ್ಯಾಯಕ್ಕಾಗಿ ತಿರುಗಿಸಿಯೂ ಮಾಡಿ: ಡೆಮಕ್ಸ್ ಅಥವಾ ಸ್ಪ್ಲೀಟರ್‌ನಂಥ ಉಚಿತ ತಂತ್ರಾಂಶದಿಂದ ದನಿಯನ್ನು ತೆಗೆದುಹಾಕಿ, ಡ್ರಮ್ ಮತ್ತು ಬೇಸನ್ನಷ್ಟೇ 30 ಸೆಕೆಂಡ್ ಕೇಳಿಸಿ. ಪಿಯಾನೊದಲ್ಲಿ ಸೋತ ಹೊಸ ಹಾಡು ಇಲ್ಲಿ ಎದ್ದು ಕೂರುವುದುಂಟು.

ಉದ್ದದ ಬಗ್ಗೆಯೂ ಒಂದು ಮಾತು. ‘ಈಗ ಎಲ್ಲ ಎರಡೂವರೆ ನಿಮಿಷದ ಹಾಡು’ ಎನ್ನುವವರು 10 ಇಂಚಿನ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಸುಮಾರು 3 ನಿಮಿಷ ಎಂಬುದನ್ನು ಮರೆತಿರುತ್ತಾರೆ. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಇಂದಿನ ಕಟ್ಟು ಬೇರೆ: ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಲೆಕ್ಕ. ಹೀಗಿರುವಾಗ ಹಾಡಿನ ಆರಂಭದ ವಾದ್ಯಭಾಗ ಮೊಟಕಾಗದೆ ಏನಾದೀತು? ಸ್ಟಾಪ್‌ವಾಚ್ ಹಿಡಿದು ದನಿ ಬರುವ ಹೊತ್ತನ್ನು 40 ಹಾಡುಗಳಿಗೂ ಬರೆದಿಡಿ. ಇದಕ್ಕೆ ಅಭಿಪ್ರಾಯವೇ ಬೇಕಿಲ್ಲ.

ಸಾಹಿತ್ಯ

ಕಾವ್ಯಗುಣ ಅಳೆಯಲು ಯಂತ್ರವಿಲ್ಲ, ಪುನರುಕ್ತಿಯನ್ನು ಮಾತ್ರ ಅಳೆಯಬಹುದು. ಸಾಹಿತ್ಯವನ್ನು, ಪಲ್ಲವಿ ಎಷ್ಟು ಸಲ ಬರುತ್ತದೋ ಅಷ್ಟೂ ಸಲ ಬರೆದು, ಟೆಕ್ಸ್ಟ್ ಫೈಲಾಗಿ ಉಳಿಸಿ ಜಿಪ್ ಮಾಡಿ. 2,000 ಬೈಟಿನದು 600ಕ್ಕೆ ಇಳಿದರೆ ಶೇ. 70 ಕುಗ್ಗಿತು. ಹೆಚ್ಚು ಕುಗ್ಗಿದ್ದರಲ್ಲಿ ಹೆಚ್ಚು ಪುನರುಕ್ತಿ. ಒಂದೇ ಭಾಷೆಯೊಳಗೆ ಮಾತ್ರ ಹೋಲಿಸಿ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಇಂಗ್ಲಿಷ್ ಅಕ್ಷರಕ್ಕೆ 1. ಕನ್ನಡದ ಫೈಲು ಸುಮ್ಮಸುಮ್ಮನೆ ಹೆಚ್ಚು ಕುಗ್ಗಿದಂತೆ ಕಾಣುತ್ತದೆ. ತೀರ ಚಿಕ್ಕ ಫೈಲಾದರೆ ಜಿಪ್‌ನ ಸ್ವಂತ ಹೊರೆಯೇ ಲೆಕ್ಕವನ್ನು ಕೆಡಿಸುತ್ತದೆ.

ಎಣಿಕೆ

20 ಜೋಡಿಗಳಲ್ಲಿ ನಿಮಗೆ ಹಿಡಿಸಿದ ಹಾಡು ಒಂದೇ ಕಾಲದ ಕಡೆಗೆ 15 ಅಥವಾ ಹೆಚ್ಚು ಸಲ ಬಿದ್ದರೆ ಮಾತ್ರ ಒಲವು ಇದೆ ಎನ್ನಿ. 12-8 ಬಂದರೆ ಅದು ನಾಣ್ಯ ಚಿಮ್ಮಿದರೂ ಬರುವಂಥದ್ದು. ಕೆಂಪು ಗುರುತಿನ ಹಾಡಿರುವ ಜೋಡಿಗಳನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಎಣಿಸಿ. ಬಿಟ್ಟಾಗ ಮೇಲುಗೈ ಕರಗಿಹೋದರೆ ಹಳೆಯದನ್ನು ಗೆಲ್ಲಿಸುತ್ತಿದ್ದದ್ದು ಹಾಡಲ್ಲ, ನಿಮ್ಮ ಹರೆಯ ಇರಬಹುದು. ಬಿಟ್ಟ ಮೇಲೆ ಜೋಡಿಗಳು ತೀರ ಕಡಿಮೆಯಾದರೆ ಮಾತ್ರ ಹಾಗೆ ಹೇಳುವಂತಿಲ್ಲ.

ದೊಡ್ಡ ಪ್ರಮಾಣದಲ್ಲಿ ಅಳೆದವರೂ ಒಂದೇ ಉತ್ತರಕ್ಕೆ ಬಂದಿಲ್ಲ. 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಜನಪ್ರಿಯ ಧ್ವನಿಮುದ್ರಣಗಳನ್ನು ವಿಶ್ಲೇಷಿಸಿದ 2012ರ ಅಧ್ಯಯನವೊಂದು, ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳ ವೈವಿಧ್ಯ ಕಡಿಮೆಯಾಗಿದೆ, ನಾದದ ಬಣ್ಣಗಳು ಒಂದೇ ತೆರನಾಗುತ್ತಿವೆ, ಸದ್ದು ಏರಿದೆ ಎಂದಿತು. ಅಮೆರಿಕದ ಹಾಟ್ 100 ಪಟ್ಟಿಯ 1960ರಿಂದ 2010ರವರೆಗಿನ ಸುಮಾರು 17,000 ಹಾಡುಗಳನ್ನು ನೋಡಿದ 2015ರ ಅಧ್ಯಯನಕ್ಕೆ ಅಂಥ ನಿರಂತರ ಇಳಿಜಾರು ಕಾಣಲಿಲ್ಲ, ಕಂಡದ್ದು 1964, 1983, 1991ರ ಸುತ್ತ ಮೂರು ದೊಡ್ಡ ತಿರುವು. ಒಂದರ ಬುಟ್ಟಿಯಲ್ಲಿ ಸಿಕ್ಕಿದ್ದೆಲ್ಲ ಇತ್ತು, ಇನ್ನೊಂದರಲ್ಲಿ ಹಿಟ್ ಆದವು ಮಾತ್ರ. ಅಳೆದ ಬಗೆಯೂ ಬೇರೆ. ನಿಮ್ಮ ಫಲಿತಾಂಶ ಬರೆಯುವಾಗಲೂ ಯಾವ ಬುಟ್ಟಿ, ಯಾವ ವಾರ, ಯಾವ ಮಾಸ್ಟರ್ ಎಂಬುದು ಹಾಳೆಯ ತಲೆಯಲ್ಲೇ ಇರಲಿ.

ಜೋಡಿಗಳ ಸಂಖ್ಯೆಯನ್ನೂ ಅಲ್ಲೇ, ಮೊದಲ ಹಾಡು ಹಾಕುವ ಮುನ್ನವೇ ಬರೆದಿಡಿ. 14-6 ಬಂದಾಗ ‘ಇನ್ನು ನಾಲ್ಕು ಜೋಡಿ ನೋಡೋಣ’ ಎಂಬ ಆಸೆ ಹುಟ್ಟುತ್ತದೆ. ಸೇರಿಸಬೇಕೆಂದರೆ ಬೇರೆ ವಾರದ ಪಟ್ಟಿಯಿಂದ ಹೊಸ 20 ಜೋಡಿ ತೆಗೆದು, ಹೊಸ ಹಾಳೆಯಲ್ಲಿ, ಸೊನ್ನೆಯಿಂದ ಎಣಿಸಲು ಶುರುಮಾಡಿ.